ಕೊರತೆಪಡೆನು

ಅಕ್ಕ ಆ ಭಾನುವಾರ ತಿಳಿನೀಲಿ ಸೀರೆ ಉಟ್ಟು ಬಂದಿದ್ದಳು. ಪಲ್ಪರ್ ಮನೆಯಲ್ಲಿ ಹತ್ತಿದ ಕಾಫಿಹಣ್ಣಿನ ಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ. ಅದು ಕಾಣದಂತೆ ಸೆರಗು ಮಡಿಸಿ ಪಿನ್ನು ಹಾಕಿಕೊಂಡಿದ್ದಳು. 2005ರ ಜೂನ್ ತಿಂಗಳು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ, ತೋಟದ ಅಂಚಿನಲ್ಲಿರುವ ನಮ್ಮ ಪುಟ್ಟ ಆರಾಧನಾ ಮನೆಯ ತಗಡಿನ ಮೇಲೆ ಮಳೆ ಹುಯ್ಯುತ್ತಿತ್ತು. ಮೂವತ್ತು ಜನ ಇದ್ದೆವೋ ಏನೋ. ವಾಚನದ ಸರದಿ ಅಕ್ಕನದು. ನಲವತ್ತಾರನೆಯ ವಯಸ್ಸಿನಲ್ಲಿ, ಜೀವನದಲ್ಲೇ ಮೊದಲ ಸಲ, ನಾಲ್ಕು ಜನರೆದುರು ಓದುವುದಕ್ಕೆಂದು ಅವಳು ಎದ್ದು ನಿಂತಿದ್ದಳು. ಓದಬೇಕಾದದ್ದು ಇಪ್ಪತ್ತಮೂರನೆಯ ಕೀರ್ತನೆ.

ಮೊದಲ ಶಬ್ದ ಅವಳ ಬಾಯಿಂದ ಬಂತು. ನಾನು ಎದ್ದು ಹೋಗಿ ಅವಳ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡೆ. ತೆಗೆದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಕಿತ್ತುಕೊಂಡೆ.

"ಅಕ್ಕಾ, ಇದು ಬೇಡ. ನಮ್ಮದರಲ್ಲಿ ಓದು" ಎಂದು ವೇದಿಕೆಯ ಮೇಲಿದ್ದ ದಪ್ಪ ಕಪ್ಪು ಸತ್ಯವೇದವನ್ನು ಅದೇ ಪುಟಕ್ಕೆ ತೆರೆದು ಅವಳ ಮುಂದಿಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬೆರಳಿಟ್ಟುಕೊಂಡು ಎರಡು ವಾಕ್ಯ ಓದಲು ಹೆಣಗಿದಳು. ಮೂರನೆಯದರಲ್ಲಿ ನಿಂತಳು. ತಗಡಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಆಗ್ತಿಲ್ಲ ಕಣೋ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೋಗಿ ಕುಳಿತಳು. ಉಳಿದದ್ದನ್ನು ನಾನು ಪುಸ್ತಕ ನೋಡದೆ, ಬಾಯಿಪಾಠದಿಂದಲೇ ಹೇಳಿ ಮುಗಿಸಿದೆ. ಆ ದಿನ ಸತ್ಯವನ್ನು ಕಾಪಾಡಿದೆನೆಂಬ ತೃಪ್ತಿಯಲ್ಲಿ ಮನೆಗೆ ಹೋಗಿ ಊಟ ಮಾಡಿದೆ.

ಹಾಗೆ ಮಾಡಿದ ಮನುಷ್ಯ ಎಲ್ಲಿಂದ ಬಂದವನು ಎಂಬುದನ್ನು ಹೇಳಬೇಕು.

ನಮ್ಮ ಅಜ್ಜಿ ಮಂಗಳೂರು ಕಡೆಯವಳು. ಚಾರ್ಮಾಡಿ ಘಾಟಿ ಹತ್ತಿ ಕಾಫಿ ಸೀಮೆಗೆ ದುಡಿಯಲು ಬಂದ ಸಂಸಾರ. ಬಾಸೆಲ್ ಮಿಷನ್ನಿನವರ ಸಭೆಯಲ್ಲಿ ಬೆಳೆದವಳಾದ್ದರಿಂದ ಅವಳಿಗೆ ಓದು ಬರುತ್ತಿತ್ತು. ಲೈನ್‌ಮನೆಯ ಒಂದೇ ಕೋಣೆಯಲ್ಲಿ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ರಾತ್ರಿ ಸತ್ಯವೇದ ಓದುವಳು. ಕಂಬಳಿಯೊಳಗೆ ಮುದುಡಿ ಮಲಗಿದ ನಮಗೆ ಅರ್ಥ ಆಗುತ್ತಿತ್ತೋ ಇಲ್ಲವೋ, ಆ ದನಿ ಮಾತ್ರ ಮೈಗಿಳಿಯುತ್ತಿತ್ತು. ಈಗಲೂ ಹಳೆಯ ಅನುವಾದದ ಮಾತು ಕಿವಿಗೆ ಬಿದ್ದರೆ ನನಗೆ ಬುಡ್ಡಿಯ ಹೊಗೆಯ ವಾಸನೆ ಬರುತ್ತದೆ. ದೇವರು ಮಾತಾಡುವುದಾದರೆ ಹೀಗೇ, ಈ ಕನ್ನಡದಲ್ಲೇ ಎಂದು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ.

ಅಕ್ಕನಿಗೆ ಆ ಅಕ್ಷರ ಸಿಗಲಿಲ್ಲ. ಅಪ್ಪ ಬೇಗ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ನನಗೆ ಐದು. ಅವಳು ಹಣ್ಣು ಕೊಯ್ಯಲು ಹೋದಳು. ನಾನು ಶಾಲೆಗೆ ಹೋದೆ. ಪಿಯುಸಿ ಮುಗಿಸಿ ತೋಟದಲ್ಲಿ ರೈಟರ್ ಆದೆ. ಮೇಸ್ತ್ರಿಗಳು ತರುವ ಹಾಜರಿಯನ್ನು ಚೆಕ್‌ರೋಲಿಗೆ ಇಳಿಸುವುದು, ವಾರದ ಬಟವಾಡೆ ಲೆಕ್ಕ ಹಾಕುವುದು ನನ್ನ ಕೆಲಸ. ನನ್ನ ಚೆಕ್‌ರೋಲಿನಲ್ಲಿ ಅಕ್ಕನ ಹೆಸರಿನ ಮುಂದೆ ಪ್ರತಿ ವಾರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವನೂ ನಾನೇ.

2001-02ರ ಹೊತ್ತಿಗೆ ಕಾಫಿಯ ಬೆಲೆ ನೆಲಕಚ್ಚಿತು. ಕೊಯ್ದ ಕೂಲಿಯೂ ಹುಟ್ಟುವುದಿಲ್ಲವೆಂದು ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟ ಕಾಲ ಅದು. ಅರ್ಧಕ್ಕರ್ಧ ಆಳುಗಳನ್ನು ಬಿಡಿಸಿದರು. ನನ್ನ ಸಂಬಳ ಆರು ತಿಂಗಳು ಬರಲಿಲ್ಲ. ಅದೇ ಹೊತ್ತಿಗೆ ಭಾವ ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ಹೋದರು. ಕೈ ಹಾಕಿದಲ್ಲೆಲ್ಲ ಜಾರುತ್ತಿದ್ದ ಆ ದಿನಗಳಲ್ಲಿ ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ನಡೆಯುವ ಒಂದು ವಾರದ ಬೈಬಲ್ ತರಗತಿಗೆ ಕರೆದುಕೊಂಡು ಹೋದರು. ಅಲ್ಲಿ ಬೋಧಕರು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ದೇವರು ಮಾತು ಕೊಟ್ಟಿದ್ದು ನಿಜವಾದರೆ ಆ ಮಾತನ್ನು ಒಂದಕ್ಷರ ಕೆಡದಂತೆ ಕಾಪಾಡಿಯೂ ಇರಬೇಕು, ಕಾಪಾಡಿದ್ದರೆ ಅದು ಯಾವುದಾದರೂ ಒಂದು ಪುಸ್ತಕದಲ್ಲಿ ಇರಲೇಬೇಕು, ಆ ಪುಸ್ತಕ ಯಾವುದೆಂದು ತೋರಿಸುತ್ತೇನೆ.

ಹೊರಗಿನಿಂದ ನೋಡುವವರಿಗೆ ಇದು ಬರೀ ಹಟವೆಂದು ಕಾಣಬಹುದು. ಒಳಗಿದ್ದವನಾಗಿ ಹೇಳುತ್ತೇನೆ, ಆ ವಾದದ ಬುಡದಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ಹತ್ತು ಅನುವಾದ ಹತ್ತು ರೀತಿ ಹೇಳಿದರೆ, ಹಾಸಿಗೆ ಹಿಡಿದವನ ಪಕ್ಕ ಕೂತು ಯಾವುದನ್ನು ಓದಿ ಇದು ದೇವರ ಮಾತು ಎನ್ನಲಿ?

ಅವರು ತೋರಿಸಿದ್ದು ಇಂಗ್ಲೆಂಡಿನ ಒಂದನೆಯ ಜೇಮ್ಸ್ ಅರಸನ ಕಾಲದಲ್ಲಿ ನಲವತ್ತೇಳು ವಿದ್ವಾಂಸರು ಸೇರಿ ಮಾಡಿದ, 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲನ್ನು. ಅದಾದ ಮೇಲೆ ಬಂದದ್ದೆಲ್ಲ ಕಲಬೆರಕೆ ಎಂದರು. ಆ ಕಥೆಯ ಎಲುಬು ಇಷ್ಟು. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಓಲೆಗಳು ಉಳಿದಿಲ್ಲ, ಪ್ರತಿಗಳ ಪ್ರತಿಗಳು ಮಾತ್ರ ಇವೆ. 1516ರಲ್ಲಿ ಎರಾಸ್ಮಸ್ ಎಂಬ ಪಂಡಿತ ತನ್ನ ಕೈಗೆ ಸಿಕ್ಕ ಕೆಲವು ಪ್ರತಿಗಳಿಂದ ಗ್ರೀಕ್ ಪಾಠವನ್ನು ಅಚ್ಚು ಹಾಕಿಸಿದ. ಅದೇ ಬೆಳೆದು 1611ರ ಅನುವಾದಕ್ಕೆ ಆಧಾರವಾಯಿತು. ಮುಂದೆ 19ನೇ ಶತಮಾನದಲ್ಲಿ ಇನ್ನೂ ಹಳೆಯ, ನಾಲ್ಕನೆಯ ಶತಮಾನದ ಪ್ರತಿಗಳು ವಿದ್ವಾಂಸರ ಕೈಗೆ ಬಂದವು. ಸೀನಾಯಿ ಬೆಟ್ಟದ ಮಠದಲ್ಲಿ ಟಿಷೆಂಡಾರ್ಫ್ ಎಂಬ ವಿದ್ವಾಂಸ ಕಂಡದ್ದು ಅವುಗಳಲ್ಲೊಂದು. ಅವುಗಳಲ್ಲಿ ಕೆಲವು ವಾಕ್ಯಗಳು ಇರಲಿಲ್ಲ. ವೆಸ್ಟ್‌ಕಾಟ್ ಮತ್ತು ಹೋರ್ಟ್ ಎಂಬಿಬ್ಬರು 1881ರಲ್ಲಿ ಆ ಹಳೆಯ ಪ್ರತಿಗಳಿಗೆ ಹೆಚ್ಚು ಬೆಲೆ ಕೊಟ್ಟು ಗ್ರೀಕ್ ಪಾಠವನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆಯೂ ಬಂತು. ವಾಕ್ಯಗಳು ಅಡಿಟಿಪ್ಪಣಿಗೆ ಇಳಿದದ್ದನ್ನು ಕಂಡವರಲ್ಲಿ ಕೆಲವರು ಇದು ಶಾಸ್ತ್ರವನ್ನು ಕತ್ತರಿಸುವ ಸಂಚು ಎಂದರು. ಅಮೆರಿಕದಲ್ಲಿ 1930ರಲ್ಲಿ ಬೆಂಜಮಿನ್ ವಿಲ್ಕಿನ್‌ಸನ್, 1970ರಲ್ಲಿ ಡೇವಿಡ್ ಓಟಿಸ್ ಫುಲ್ಲರ್ ಈ ವಾದಕ್ಕೆ ಪುಸ್ತಕದ ರೂಪ ಕೊಟ್ಟರು. ಆ ಮಾತು ಸಮುದ್ರ ದಾಟಿ, ಬೆಂಗಳೂರಿನ ಬಾಡಿಗೆ ಹಾಲಿನಲ್ಲಿ ಕುಳಿತಿದ್ದ ಮೂಡಿಗೆರೆಯ ಒಬ್ಬ ರೈಟರನ ಎದೆಗೆ ಬಂದು ತಾಗಿತು.

ಕನ್ನಡದಲ್ಲಿ ಆ ಇಂಗ್ಲಿಷಿಗೆ ಹತ್ತಿರದ್ದು ನಿಮ್ಮ ಹಳೆಯ ಸತ್ಯವೇದ, ಅದನ್ನು ಬಿಡಬೇಡಿ ಎಂದು ಬೋಧಕರು ಹೇಳಿ ಕಳಿಸಿದರು. ನನಗೆ ಬೇಕಾಗಿದ್ದದ್ದೂ ಅದೇ. ಅಜ್ಜಿಯ ದನಿಗೆ ಈಗ ಪ್ರಮಾಣಪತ್ರ ಸಿಕ್ಕಂತಾಯಿತು. ಊರಿಗೆ ಬಂದವನೇ ಸಭೆಯಲ್ಲಿ ಒಂದು ನಿಯಮ ತಂದೆ. ಸಭಾಪಾಲಕರಾದ ಅಯ್ಯನವರು ಚಿಕ್ಕಮಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಸಭೆಯ ಹಿರಿಯನಾಗಿ ನಾನೇ ಆರಾಧನೆ ನಡೆಸುತ್ತಿದ್ದೆ. ವಾಚನವಾಗಲಿ ಪ್ರಾರ್ಥನೆಯಾಗಲಿ ಹಳೆಯ ಪುಸ್ತಕವೊಂದೇ ಎಂದೆ. ಯಾರೂ ಎದುರಾಡಲಿಲ್ಲ, ಹೆಚ್ಚಿನವರಿಗೆ ಬೇರೆ ಪುಸ್ತಕವೇ ಇರಲಿಲ್ಲ.

ಅಕ್ಕನಿಗೆ ಇತ್ತು.

ಭಾವ ಹೋದ ಮೇಲೆ ಅವಳು ಲೈನಿನ ಹೆಂಗಸರಿಗಾಗಿ ನಡೆಯುತ್ತಿದ್ದ ರಾತ್ರಿ ಶಾಲೆಗೆ ಸೇರಿಕೊಂಡಿದ್ದಳು. ದಿನವೆಲ್ಲ ಕೊಯ್ದು, ಬೆರಳ ಸಂದಿಯಲ್ಲಿ ಅಂಟು ಮೆತ್ತಿದ ಕೈಯಲ್ಲಿ ಬಳಪ ಹಿಡಿದು ಎರಡು ವರ್ಷ ತಿದ್ದಿದಳು. ಪಕ್ಕದ ಲೈನಿನ ಕಥೋಲಿಕ ಗೆಳತಿಯೊಬ್ಬಳು ಒಂದು ಬೈಬಲ್ ತಂದುಕೊಟ್ಟಳು. ಕಥೋಲಿಕರೂ ಪ್ರೊಟೆಸ್ಟಂಟರೂ ಸೇರಿ ಇಂದಿನ ಕನ್ನಡಕ್ಕೆ ತಂದ, ಸಾಮಾನ್ಯ ಭಾಷೆಯ ಅನುವಾದ ಅದು. ಹಳೆಯ ಪುಸ್ತಕದಲ್ಲಿ 'ಯೆಹೋವ' ಎಂದಿರುವ ಕಡೆಗಳಲ್ಲಿ ಅದರಲ್ಲಿ 'ಸರ್ವೇಶ್ವರ', 'ಪ್ರಭು' ಎಂದಿರುತ್ತದೆ. ಕಥೋಲಿಕರಿಗಾಗಿ ಅಚ್ಚಾದ ಪ್ರತಿಯಾದ್ದರಿಂದ ನಮ್ಮದರಲ್ಲಿ ಇಲ್ಲದ ಏಳು ಪುಸ್ತಕಗಳೂ ಅದರಲ್ಲಿದ್ದವು. ದೇವರ ಹೆಸರನ್ನೇ ತೆಗೆದುಹಾಕಿದ್ದಾರೆ, ಮನುಷ್ಯರ ಪುಸ್ತಕಗಳನ್ನು ಒಳಗೆ ತೂರಿಸಿದ್ದಾರೆ: ನನ್ನ ಬಳಿಯಿದ್ದ ಕಿರುಹೊತ್ತಿಗೆ ಎಚ್ಚರಿಸಿದ್ದ ಎರಡು ಅಪರಾಧವೂ ಅಕ್ಕನ ಕೈಯಲ್ಲೇ ಕಂಡವು. ಆ ಭಾನುವಾರ ನಡೆದದ್ದು ಹಾಗೆ.

ಅವಳು ಜಗಳ ಮಾಡಲಿಲ್ಲ. ಪುಸ್ತಕ ವಾಪಸ್ಸು ಕೊಡು ಎಂದೂ ಕೇಳಲಿಲ್ಲ. ಅದನ್ನು ಆಫೀಸಿಗೆ ಒಯ್ದು ಹಳೆಯ ಚೆಕ್‌ರೋಲುಗಳ ಬೀರುವಿನಲ್ಲಿ ಇಟ್ಟೆ. ಬದಲಿಗೆ ಹೊಸದಾಗಿ ಒಂದು ಹಳೆಯ ಅನುವಾದದ ಪ್ರತಿ ಕೊಂಡು ತಂದುಕೊಟ್ಟೆ. ಅದು ಅವಳ ಗೂಡಿನಲ್ಲಿ ಕ್ಯಾಲೆಂಡರಿನ ಕಾಗದದ ಹೊದಿಕೆ ಹಾಕಿಸಿಕೊಂಡು ನೀಟಾಗಿ ಕುಳಿತಿತ್ತು. ನಾನು ಹೋದಾಗಲೆಲ್ಲ ಹಾಗೇ ಇತ್ತು. ಅವಳು ಓದುವುದನ್ನೇ ಬಿಟ್ಟಿದ್ದಾಳೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಗಲಿಲ್ಲ. ಆದರೆ ಕಲಿತದ್ದು ಮರೆತಿರಬೇಕು, ವಯಸ್ಸಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಟವಾಡೆ ದಿನ ಸಹಿ ಹಾಕಲು ಕಲಿತಿದ್ದವಳು ಮತ್ತೆ ಹೆಬ್ಬೆಟ್ಟು ಮುಂದೆ ಮಾಡಿದಾಗಲೂ ಮಾತಾಡದೆ ಶಾಯಿಡಬ್ಬಿ ಸರಿಸಿದೆ. ಈ ಬರಹದಲ್ಲಿ ಒಂದೇ ಒಂದು ಸಾಲು ಉಳಿಯುವುದಾದರೆ ಇದು ಉಳಿಯಲಿ ಎನ್ನುವಷ್ಟು ಆ ಶಾಯಿಡಬ್ಬಿ ನನ್ನನ್ನು ಕಾಡಿದೆ.

ನನ್ನ ಖಾತ್ರಿಗೆ ಮೊದಲ ಬಿರುಕು ಬಂದದ್ದು ನಮ್ಮ ಲೈನಿನಲ್ಲೇ ಇದ್ದ ಒಬ್ಬ ತಮಿಳು ಅಜ್ಜಿಯಿಂದ. ಅವರ ಹತ್ತಿರ ಅಂಚು ಸವೆದ 'ಪರಿಶುದ್ಧ ವೇದಾಗಮ' ಇತ್ತು. ಹೊಸ ತಮಿಳು ಅನುವಾದವನ್ನು ಮೊಮ್ಮಗ ತಂದರೆ ಮುಟ್ಟುತ್ತಿರಲಿಲ್ಲ. ನನ್ನಂತೆಯೇ ಇನ್ನೊಬ್ಬರು ಇದ್ದಾರೆಂದು ಸಂತೋಷದಿಂದ ಅವರ ಜೊತೆ ಕೂತೆ. ಅವರು ಬಿಡಲಾರದೆ ಹಿಡಿದಿದ್ದ ಪುಸ್ತಕದಲ್ಲಿ ದೇವರಿಗೆ 'ದೇವನ್' ಎಂಬ ಹೆಸರು. ಅದು ತಮಿಳಿನವರ ಆದಿ ಹೆಸರು ಎಂದುಕೊಂಡಿದ್ದೆ. ಆಮೇಲೆ ಓದಿ ತಿಳಿದದ್ದು ಬೇರೆ. ತರಂಗಂಬಾಡಿಯಲ್ಲಿ ಝೀಗನ್‌ಬಾಲ್ಗ್ ಎಂಬ ಮಿಷನರಿ 18ನೇ ಶತಮಾನದ ಆರಂಭದಲ್ಲಿ ತಮಿಳಿಗೆ ಹೊಸ ಒಡಂಬಡಿಕೆ ತಂದಾಗ ದೇವರನ್ನು 'ಸರ್ವೇಶುರನ್' ಎಂದು ಕರೆದಿದ್ದ. ಮುಂದೆ ಫಾಬ್ರಿಸಿಯಸ್ ಅದನ್ನು 'ಪರಾಪರನ್' ಎಂದು ಬದಲಿಸಿದ. ಜನ ಪರಾಪರನಿಗೆ ಒಗ್ಗಿಕೊಂಡರು, ಅವನ ಹೆಸರಿನಲ್ಲಿ ಹಾಡಿದರು, ಅತ್ತರು. 1820ರ ದಶಕದಲ್ಲಿ ರೇನಿಯಸ್ ಎಂಬ ಮಿಷನರಿ ಫಾಬ್ರಿಸಿಯಸನ ಪಾಠವನ್ನು ತಿದ್ದಹೊರಟಾಗ ತಂಜಾವೂರಿನ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಗಳು ಎದ್ದು ನಿಂತು ಪ್ರತಿಭಟಿಸಿದರು. 1871ರ ಹೊತ್ತಿಗೆ ಬೋವರ್ ಮುಂತಾದವರ ಅನುವಾದ 'ದೇವನ್' ಎಂದಿತು. ಆ ಕಾಲಕ್ಕೆ ಹೊಸದಾಗಿದ್ದ, ಜನ ಗೊಣಗಿಕೊಂಡಿದ್ದ ಆ ಪುಸ್ತಕವೇ ಈಗ ನಮ್ಮ ಲೈನಿನ ಅಜ್ಜಿಗೆ ಮುಟ್ಟಿದರೆ ಮಾಸುವಷ್ಟು ಪವಿತ್ರ. ನಾನು ಅಕ್ಕನ ಬಾಯಿಂದ ತಡೆದ 'ಸರ್ವೇಶ್ವರ' ಎಂಬ ಹೆಸರೋ, ಭಾರತದ ಭಾಷೆಯೊಂದರಲ್ಲಿ ಮೊಟ್ಟಮೊದಲು ಅಚ್ಚಾದ ಹೊಸ ಒಡಂಬಡಿಕೆಯಲ್ಲೇ ಇದ್ದ ಹೆಸರು.

ಎರಡನೆಯ ಏಟು 2019ರ ಆಗಸ್ಟಿನಲ್ಲಿ. ಮೂಡಿಗೆರೆಯ ಸುತ್ತ ಗುಡ್ಡಗಳು ಕುಸಿದ ಮಳೆ ಅದು. ನಮ್ಮ ಮನೆಯ ಮಾಡಿನ ಒಂದು ಮೂಲೆ ಕುಳಿತು ಅಟ್ಟಕ್ಕೆ ನೀರಿಳಿಯಿತು. ಸಾಮಾನು ಕೆಳಗಿಳಿಸುವಾಗ ಅಜ್ಜಿಯ ತಗಡಿನ ಟ್ರಂಕಿನೊಳಗೆ, ಅವಳ ಕಂಬಳಿಯ ಕೆಳಗೆ, ರಟ್ಟು ಹೋದ ಒಂದು ಹೊಸ ಒಡಂಬಡಿಕೆ ಸಿಕ್ಕಿತು. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು. ಅಜ್ಜಿಗೆ ಅವಳ ಅಜ್ಜಿಯಿಂದ ಬಂದದ್ದಿರಬೇಕು. ಬುಡ್ಡಿಯ ಬೆಳಕಲ್ಲಿ ನಾನು ಕೇಳಿದ ಮಾತಿನ ಬೇರು ಇದೇ ಎಂದು ಕೈ ನಡುಗುತ್ತ ತೆರೆದೆ. ಪಕ್ಕದಲ್ಲಿ ನನ್ನ ಪುಸ್ತಕ ಇಟ್ಟುಕೊಂಡು ಸಾಲಿಗೆ ಸಾಲು ಹೋಲಿಸಿದೆ. ಒಂದಲ್ಲ ಅದು. ಕ್ರಿಯಾಪದದ ಕೊನೆಗಳು ಬೇರೆ, ಶಬ್ದಗಳು ಬೇರೆ, ವಾಕ್ಯ ಹರಿಯುವ ಬಗೆಯೇ ಬೇರೆ. ನಾನು ಆದಿಯಿಂದ ಬಂದದ್ದೆಂದು ನಂಬಿ, ಅದಕ್ಕಾಗಿ ಅಕ್ಕನನ್ನು ನೋಯಿಸಿದ ಪುಸ್ತಕ ಸ್ವತಃ ಒಂದು ಪರಿಷ್ಕರಣೆ. ಅಜ್ಜಿಯ ಅಜ್ಜಿಗೆ ನನ್ನ ಪುಸ್ತಕವೇ ಹೊಸ ಅನುವಾದ.

ಆ ವರ್ಷದ ಕೊನೆಗೆ ಮಂಗಳೂರಿಗೆ ಹೋದೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪುಸ್ತಕಾಲಯದಲ್ಲಿ ಕೂತು, ಹದಿನೈದು ವರ್ಷದ ಹಿಂದೆಯೇ ಓದಬೇಕಾಗಿದ್ದದ್ದನ್ನು ಓದಿದೆ. ಕನ್ನಡಕ್ಕೆ ಬೈಬಲ್ ಒಂದೇ ಸಲ ಇಳಿದು ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಎರಡು ದಶಕ ಅನುವಾದಕ್ಕೇ ಜೀವ ತೇಯ್ದ. ಅದೇ ಕಾಲದಲ್ಲಿ ಅತ್ತ ಬಂಗಾಳದ ಶ್ರೀರಾಮಪುರದಲ್ಲೂ ಒಂದು ಕನ್ನಡ ಹೊಸ ಒಡಂಬಡಿಕೆ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲಿನವರಿಗೆ ಬಳ್ಳಾರಿಯ ಕನ್ನಡ ಸಮಾಧಾನ ಕೊಡಲಿಲ್ಲ. ವೈಗ್ಲೆ, ಮ್ಯೋಗ್ಲಿಂಗ್ ಮೊದಲಾದವರು ಮತ್ತೆ ತಿದ್ದಲು ಕೂತರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಅದೇ ಮ್ಯೋಗ್ಲಿಂಗ್. 20ನೇ ಶತಮಾನದಲ್ಲಿ ಮತ್ತೊಂದು ಪರಿಷ್ಕರಣೆ. ಕಿಟೆಲ್ ಅಂತೂ 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಹೊಂದಿಸಿ 'ಕಥಾಮಾಲೆ' ಎಂದು ಹಾಡಾಗಿಸಿದ. ಕೇಳುವವರ ಕಿವಿಗೆ ತಾಗಲಿ ಎಂದು ಒಬ್ಬೊಬ್ಬರೂ ಹಿಂದಿನವರ ಮಾತನ್ನು ಬದಲಿಸಿದವರೇ.

ಇಂಗ್ಲಿಷ್ ಪುಸ್ತಕದ ಕಥೆಯೂ ಹಾಗೇ ಬಿಚ್ಚಿಕೊಂಡಿತು. 1611ರ ಅನುವಾದಕರ ಮುನ್ನುಡಿಯನ್ನು ಬೆಂಗಳೂರಿನ ತರಗತಿಯಲ್ಲಿ ಯಾರೂ ನಮಗೆ ಓದಿ ಹೇಳಿರಲಿಲ್ಲ. ತಮಗಿಂತ ಹಿಂದಿನ ಅನುವಾದಗಳೂ ದೇವರ ವಾಕ್ಯವೇ, ಸಾಧಾರಣ ಅನುವಾದವೂ ದೇವರ ವಾಕ್ಯವೇ, ಒಳ್ಳೆಯದನ್ನು ಇನ್ನಷ್ಟು ಒಳ್ಳೆಯದು ಮಾಡುವುದಷ್ಟೇ ತಮ್ಮ ಕೆಲಸ ಎಂಬುದು ಅವರದೇ ನಿಲುವು. ಅರ್ಥ ಖಚಿತವಿಲ್ಲದ ಕಡೆ ಅಂಚಿನಲ್ಲಿ ಬೇರೆ ಅರ್ಥಗಳನ್ನೂ ಕೊಟ್ಟಿದ್ದರು. ಆ ಪುಸ್ತಕ ಹೊಸದಾಗಿ ಬಂದಾಗ ಹ್ಯೂ ಬ್ರಾಟನ್ ಎಂಬ ಹೀಬ್ರೂ ಪಂಡಿತ ಅದನ್ನು ಉಗ್ರವಾಗಿ ಖಂಡಿಸಿದ್ದ. ಇಂದು ಜನ ಕೈಯಲ್ಲಿ ಹಿಡಿದಿರುವುದೂ ಬಹುಪಾಲು 1769ರಲ್ಲಿ ಆಕ್ಸ್‌ಫರ್ಡಿನಲ್ಲಿ ತಿದ್ದಿದ ರೂಪ. ಎರಾಸ್ಮಸನ ಕೈಗೆ ಸಿಕ್ಕ 'ಪ್ರಕಟನೆ' ಪುಸ್ತಕದ ಪ್ರತಿಯಲ್ಲಿ ಕೊನೆಯ ಹಾಳೆಯೇ ಇರಲಿಲ್ಲ. ಆ ಕೆಲವು ವಾಕ್ಯಗಳನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ಅನುವಾದಿಸಿ ಸೇರಿಸಿದ.

ಇದನ್ನು ಓದುವಾಗ ನನಗೆ ನನ್ನ ಚೆಕ್‌ರೋಲ್ ನೆನಪಾಯಿತು. ಮೂವರು ಮೇಸ್ತ್ರಿಗಳ ಮೂರು ನೋಟುಪುಸ್ತಕದಲ್ಲಿ ಒಂದೇ ದಿನದ ಹಾಜರಿ ಮೂರು ಬಗೆಯಾಗಿ ಇರುತ್ತಿತ್ತು. ಮಳೆಯಲ್ಲಿ ನೆನೆದು ಒಂದು ಹೆಸರು ಅಳಿಸಿರುತ್ತದೆ, ನಿದ್ದೆಗಣ್ಣಿನಲ್ಲಿ ಒಂದು ಹೆಸರು ಎರಡು ಸಲ ಬಿದ್ದಿರುತ್ತದೆ. ಹಾಗೆಂದು ಆಳುಗಳು ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದು ನಾನು ಎಂದೂ ಹೇಳಿದವನಲ್ಲ. ಮೂರನ್ನೂ ಮುಂದಿಟ್ಟುಕೊಂಡು, ತಾಳೆ ನೋಡಿ, ಯಾರ ಕೂಲಿಯೂ ತಪ್ಪದಂತೆ ಬರೆಯುತ್ತಿದ್ದೆ. ಇಪ್ಪತ್ತು ವರ್ಷ ದಿನಾ ಅದೇ ಕೆಲಸ ಮಾಡಿದವನಿಗೆ ಬೈಬಲಿನ ವಿದ್ವಾಂಸರು ಅದನ್ನೇ ಮಾಡುವುದು ಕಾಣದೇ ಹೋಯಿತಲ್ಲ.

ಇನ್ನೊಂದು ಸಂಗತಿ ನನ್ನನ್ನು ಆ ಮೇಜಿನಿಂದ ಏಳದಂತೆ ಮಾಡಿತು. ಹೀಬ್ರೂ ಮೂಲದಲ್ಲಿ ನಾಲ್ಕು ವ್ಯಂಜನಗಳ ದೇವನಾಮ ಆರೂವರೆ ಸಾವಿರಕ್ಕೂ ಹೆಚ್ಚು ಸಲ ಬರುತ್ತದೆ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಉಚ್ಚರಿಸದೆ 'ಒಡೆಯ' ಎಂಬರ್ಥದ ಶಬ್ದ ಹೇಳುತ್ತಾರೆ. ಆ ಶಬ್ದದ ಸ್ವರಗಳನ್ನು ಈ ವ್ಯಂಜನಗಳಿಗೆ ಕೂಡಿಸಿ ಓದಿದ್ದರಿಂದ ಬಂದ ರೂಪವೇ 'ಯೆಹೋವ'. ನಾನು ಏಕೈಕ ಸತ್ಯವೆಂದು ನಂಬಿದ 1611ರ ಪುಸ್ತಕದಲ್ಲಿ ಆ ಹೆಸರು ಇರುವುದು ಏಳೇ ಕಡೆ. ಉಳಿದ ಕಡೆಯೆಲ್ಲ ಸಾಮಾನ್ಯವಾಗಿ 'ಲಾರ್ಡ್' ಎಂದು ದೊಡ್ಡಕ್ಷರದಲ್ಲಿದೆ. ಅಂದರೆ ಪ್ರಭು. ಅಕ್ಕನ ಪುಸ್ತಕ ಮಾಡಿದ್ದನ್ನೇ ಅವರು ನಾನೂರು ವರ್ಷದ ಹಿಂದೆ ಮಾಡಿದ್ದರು. ಹೆಚ್ಚಿನ ಪುಸ್ತಕಗಳಿವೆ ಎಂದು ಅವಳ ಬೈಬಲನ್ನು ದೂರಿದ್ದೆನಲ್ಲ, 1611ರ ಮೊದಲ ಅಚ್ಚಿನಲ್ಲಿ ಎರಡು ಒಡಂಬಡಿಕೆಗಳ ನಡುವೆ ಅವೂ ಇದ್ದವು.

ಹಳೆಯ ಶಬ್ದಕ್ಕೆ ಅಂಟಿಕೊಂಡವನು ನಾನೊಬ್ಬನೇ ಅಲ್ಲ. ಕ್ರಿ.ಶ. 403ರಲ್ಲಿ ಸಂತ ಆಗಸ್ಟೀನರು ಬೈಬಲಿನ ಅನುವಾದಕ ಜೆರೋಮನಿಗೆ ಬರೆದ ಕಾಗದದಲ್ಲಿ ಒಂದು ಪ್ರಸಂಗ ಬರುತ್ತದೆ. ಉತ್ತರ ಆಫ್ರಿಕದ ಓಯಾ ಎಂಬ ಊರಿನಲ್ಲಿ, ಅಂದರೆ ಇಂದಿನ ಟ್ರಿಪೋಲಿಯಲ್ಲಿ, ಬಿಷಪರು ಜೆರೋಮನ ಹೊಸ ಅನುವಾದದಿಂದ ಯೋನನ ಕಥೆ ಓದಿಸಿದರು. ಯೋನನಿಗೆ ನೆರಳಾದ ಗಿಡದ ಹೆಸರು ಜನ ತಲೆಮಾರುಗಳಿಂದ ಕೇಳಿದ್ದಕ್ಕಿಂತ ಬೇರೆಯಾಗಿತ್ತು. ಸಭೆಯಲ್ಲಿ ಗಲಭೆಯೇ ಎದ್ದಿತು. ಜನರನ್ನು ಕಳೆದುಕೊಳ್ಳುವ ಭಯಕ್ಕೆ ಬಿಷಪರು ಹಳೆಯ ಶಬ್ದಕ್ಕೆ ಮರಳಬೇಕಾಯಿತು. ಒಂದು ಗಿಡದ ಹೆಸರಿಗಾಗಿ! ಆದರೂ ಆ ಜನರನ್ನು ಮೂರ್ಖರೆನ್ನಲು ನನ್ನಿಂದಾಗುವುದಿಲ್ಲ. ಅವರಿಗೂ ಅಜ್ಜಿಯರಿದ್ದರು. ಆ ಶಬ್ದ ಬದಲಾದರೆ ಸತ್ತವರ ದನಿಯನ್ನೇ ಯಾರೋ ತಿದ್ದಿದಂತೆ ಕೇಳುತ್ತದೆ. ಬೆಲೆ ಕುಸಿದಾಗ, ಗುಡ್ಡ ಕುಸಿದಾಗ ಅದೊಂದು ದನಿ ಅಲುಗಾಡದಿರಲಿ ಎಂದು ಮನುಷ್ಯ ಬಯಸುತ್ತಾನೆ. ನಾನು ಹಳೆಯ ಸತ್ಯವೇದವನ್ನು ಈಗಲೂ ದಿನಾ ಓದುತ್ತೇನೆ, ಸಾಯುವವರೆಗೂ ಓದುತ್ತೇನೆ. ನನ್ನ ತಪ್ಪು ಅದನ್ನು ಪ್ರೀತಿಸಿದ್ದಲ್ಲ. ನನಗೆ ಆಸರೆಯಾದ ದನಿ ಅಕ್ಕನಿಗೂ ಆಸರೆಯಾಗಿತ್ತೇ ಎಂದು ನಾನು ಒಮ್ಮೆಯೂ ಅವಳನ್ನು ಕೇಳಲಿಲ್ಲ.

ಕೇಳುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. 2020ರ ಆರಂಭದಲ್ಲಿ, ರೊಬಸ್ಟಾ ಕೊಯ್ಲಿನ ದಿನಗಳಲ್ಲಿ, ಕಣದಲ್ಲೇ ಕುಸಿದು ಬಿದ್ದಳು. ಎಡಗಡೆ ಸ್ವಾಧೀನ ತಪ್ಪಿತು. ಮಾತು ಉಳಿದಿತ್ತು. ಮಂಗಳೂರಿನಿಂದ ಓದಿಕೊಂಡು ಬಂದದ್ದನ್ನೆಲ್ಲ ಅವಳಿಗೆ ಹೇಳಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಂಜೆ ಹೋಗಿ ಕೂತೆ, ಬಾಯಿ ಬರಲಿಲ್ಲ. ಒಂದು ಸಂಜೆ ಏನೂ ತೋಚದೆ ಇಪ್ಪತ್ತಮೂರನೆಯ ಕೀರ್ತನೆ ಹೇಳತೊಡಗಿದೆ. ಮೊದಲ ವಾಕ್ಯ ಮುಗಿಯುತ್ತಿದ್ದಂತೆ ಅವಳು ಬಲಗೈ ಎತ್ತಿದಳು.

"ಅದು ಬೇಡ ಕಣೋ. ಆ ಕೀರ್ತನೆ ಕೇಳಿದ್ರೆ ನಂಗೆ ಚಿಕ್ಕಂದಿನಿಂದ್ಲೂ ಅಳು ಬರುತ್ತೆ."

"ಯಾಕಕ್ಕಾ?"

"ಕೊರತೆ ಪಡ್ತೀನಿ ಅಂತ ಇದೆಯಲ್ಲ. ಅಜ್ಜಿ ಓದೋವಾಗೆಲ್ಲ ಅಂದ್ಕೊಳ್ತಿದ್ದೆ, ಕುರುಬ ಇದ್ದೂ ಕೊರತೆ ಪಡೋದೇ ನಮ್ಮ ಹಣೇಲಿ ಬರೆದಿದೆ ಅಂತ."

ಕೊರತೆಪಡೆನು. ಆ ಒಂದು ಶಬ್ದವನ್ನು ನಾನು ಮನಸ್ಸಿನಲ್ಲಿ ಬಿಡಿಸಿದೆ. ಹಳೆಯ ಕನ್ನಡದ ನಿಷೇಧರೂಪ ಅದು. ಅರಿಯೆನು ಎಂದರೆ ಅರಿಯುವುದಿಲ್ಲ, ಬಾರೆನು ಎಂದರೆ ಬರುವುದಿಲ್ಲ, ಪಡೆನು ಎಂದರೆ ಪಡುವುದಿಲ್ಲ. ಇಲ್ಲ ಎಂಬ ಶಬ್ದ ಎಲ್ಲೂ ಕಾಣದೆ, ಇಲ್ಲ ಎಂಬ ಅರ್ಥ. ಶಾಲೆಯಲ್ಲಿ ವ್ಯಾಕರಣ ಓದಿದ ನನಗೆ ಅದು ಬೆಳಕಿನಷ್ಟು ಸ್ಪಷ್ಟ. ಒಂಬತ್ತನೆಯ ವಯಸ್ಸಿಗೆ ಹೆಡಿಗೆ ಹೊತ್ತವಳ ಕಿವಿಗೆ ಅದು ನೇರ ತಿರುಗುಮುರುಗಾಗಿ ಕೇಳಿತ್ತು. ಬುಡ್ಡಿಯ ಬೆಳಕಿನಲ್ಲಿ ಒಂದೇ ಕಂಬಳಿಯೊಳಗೆ ಮಲಗಿ, ಒಂದೇ ವಾಕ್ಯದಿಂದ ನಾನು ಭರವಸೆ ಪಡೆದುಕೊಂಡೆ, ಅವಳು ಶಿಕ್ಷೆ ಪಡೆದುಕೊಂಡಳು.

"ಅಲ್ಲಕ್ಕಾ, ಅದರರ್ಥ ಕೊರತೆ ಪಡಲ್ಲ ಅಂತ."

"ಗೊತ್ತು" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ತುಸು ಸುಧಾರಿಸಿಕೊಂಡು ಹೇಳಿದಳು: "ನನ್ನ ಪುಸ್ತಕದಲ್ಲಿ ಓದಿದಾಗ್ಲೇ ಗೊತ್ತಾಯ್ತು. ನಾನೇ ಕೂಡಿಸಿ ಕೂಡಿಸಿ ಓದ್ಕೊಂಡೆ. ಕೊರತೆ ಇಲ್ಲ ಅನ್ನೋ ಹಾಗಿತ್ತು. ಮೂರು ದಿನ ನಿದ್ದೆ ಬರ್ಲಿಲ್ಲ ನಂಗೆ. ಅದನ್ನೇ ಎಲ್ರಿಗೂ ಓದಿ ಹೇಳ್ಬೇಕು ಅಂತ ಆವತ್ತು ಬಂದಿದ್ದು."

ನಾನು ಅವಳ ಸ್ವಾಧೀನವಿಲ್ಲದ ಎಡಗೈ ಹಿಡಿದುಕೊಂಡು ಕೂತೆ. ಅದಕ್ಕೆ ನನ್ನ ಹಿಡಿತ ಗೊತ್ತಾಗುವುದಿಲ್ಲವೆಂದು ನೆನಪಾಗಿ ಆ ಕಡೆ ಹೋಗಿ ಬಲಗೈ ಹಿಡಿದೆ. ತಪ್ಪಾಯಿತು ಎಂದೆ. ಅವಳು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಪುಸ್ತಕ ಎಲ್ಲಿಟ್ಟೆ?" ಎಂದು ಕೇಳಿದಳು.

ಮರುದಿನ ತೋಟದ ಆಫೀಸಿನ ಬೀರು ತೆಗೆಸಿದೆ. ನಾನು ಆಗ ಕೆಲಸದಿಂದ ನಿವೃತ್ತನಾಗಿದ್ದರೂ ಬೀಗದ ಕೈ ಎಲ್ಲಿರುತ್ತದೆಂದು ಗೊತ್ತಿತ್ತು. ಹದಿನೈದು ಮಳೆಗಾಲ ಕಳೆದ ಚೆಕ್‌ರೋಲುಗಳ ನಡುವೆ ಅದು ಬೂಷ್ಟು ಹಿಡಿದು, ರಟ್ಟು ಉಬ್ಬಿ, ಹಾಳೆಗಳು ಒಂದಕ್ಕೊಂದು ಅಂಟಿ ಕೂತಿತ್ತು. ಗೆದ್ದಲು ಮುಟ್ಟಿರಲಿಲ್ಲ. ಮನೆಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ, ಮೆಣಸು ಒಣಗಿಸುವ ಮೊರದಲ್ಲಿ, ನಾಲ್ಕು ದಿನ ಬಿಸಿಗೆ ಇಟ್ಟೆ. ಬ್ಲೇಡಿನಿಂದ ಒಂದೊಂದೇ ಹಾಳೆ ಬಿಡಿಸಿದೆ. ಕೀರ್ತನೆಗಳ ಭಾಗದಲ್ಲಿ ಮೂರು ಹಾಳೆ ಹರಿದವು. ಇಪ್ಪತ್ತಮೂರನೆಯದು ಉಳಿಯಿತು.

ಬಿಡಿಸುತ್ತ ಬಿಡಿಸುತ್ತ ರೂತಳ ಪುಸ್ತಕಕ್ಕೆ ಬಂದೆ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೀಟುಗಳು. ಪ್ರತಿ ರಾತ್ರಿ ಎಲ್ಲಿಗೆ ನಿಲ್ಲಿಸಿದಳೋ ಅಲ್ಲೊಂದು ಗೀಟು. ಕೆಲವು ದಿನ ಎರಡು ವಾಕ್ಯ, ಕೆಲವು ದಿನ ಒಂದೇ. ನಾಲ್ಕೇ ಅಧ್ಯಾಯದ ಪುಟ್ಟ ಪುಸ್ತಕವೆಂದು ಅದನ್ನು ಆರಿಸಿಕೊಂಡಿರಬೇಕು. ಇಲ್ಲವೇ ಗಂಡ ಸತ್ತವಳೊಬ್ಬಳು ಬೇರೆಯವರ ಹೊಲದಲ್ಲಿ, ಕೊಯ್ಲಿನವರ ಹಿಂದೆ ಉದುರಿದ ತೆನೆ ಆರಿಸಿ ಬದುಕಿದ ಕಥೆಯೆಂದು ಯಾರಾದರೂ ಹೇಳಿದ್ದಿರಬೇಕು. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸಲು ಹೋಗುತ್ತಿದ್ದವರಲ್ಲಿ ಅಕ್ಕನೂ ಒಬ್ಬಳು. ಎರಡನೆಯ ಅಧ್ಯಾಯದ ಮಧ್ಯದಲ್ಲಿ ಗೀಟುಗಳು ನಿಂತಿದ್ದವು.

ಸಂಜೆ ಪುಸ್ತಕ ತೆಗೆದುಕೊಂಡು ಹೋದೆ. ಅವಳು ಬಲಗೈಯಿಂದ ರಟ್ಟು ಸವರಿ ನೋಡಿದಳು, ಮೂಸಿದಳು. ಹೊಗೆಯ ವಾಸನೆ ಅಂದಳು. ನಾನು ಕೊನೆಯ ಗೀಟಿನ ಕೆಳಗಿನಿಂದ ಓದತೊಡಗಿದೆ. ಮಧ್ಯೆ ಎಲ್ಲೋ ನನ್ನ ನಾಲಗೆ ಹಳೆಯ ರೂಢಿಗೆ ಬಿದ್ದು 'ಯೆಹೋವ' ಎಂದಿತು.

"ಅಲ್ಲಿ ಹಾಗಿದ್ಯಾ?"

"ಇಲ್ಲ. ಸರ್ವೇಶ್ವರ ಅಂತಿದೆ."

"ಇದ್ದ ಹಾಗೆ ಓದು."

ಓದಿದೆ. ನಾಲ್ಕು ವಾಕ್ಯ ಆಗುವಷ್ಟರಲ್ಲಿ ಅವಳ ಕಣ್ಣು ಮುಚ್ಚಿಕೊಂಡು ಬಂತು. ನಿದ್ದೆ ಬಂತೆಂದು ಪುಸ್ತಕ ಮುಚ್ಚಲು ಹೋದೆ.

"ಗೂಡಿನಲ್ಲಿ ಪೆನ್ಸಿಲ್ ಇದೆ ನೋಡು" ಎಂದಳು, ಕಣ್ಣು ತೆರೆಯದೆ. "ಎಲ್ಲಿಗೆ ನಿಲ್ಸಿದ್ವಿ ಅಂತ ಗುರುತು ಹಾಕು."